ಹದಿನಾರನೆಯ ಅಂಕಣ

ಜನಗಣತಿಯ ವರದಿಯನ್ನು ಒಂದು ಗ್ರಂಥವೆಂದೆಣಿಸಿ ವಿಮರ್ಶೆಗೆ ತೆಗೆದುಕೊಳ್ಳುವ ವಾಡಿಕೆಯು ನಮ್ಮಲ್ಲಿಲ್ಲ. ಕಾವ್ಯಕ್ಕೆ ವಿಮರ್ಶಕರಿರುವರು, ನಾಟಕಕ್ಕೆ ಇರುವರು, ಶಿಲಾಶಾಸನಗಳಿಗೂ ಇರುವರು. ಆದರೆ ಹತ್ತು ವರ್ಷಗಳಿಗೊಮ್ಮೆ ಸರಕಾರದ ಮುದ್ರಣಾಲಯದಿಂದ ಹೊರಬೀಳುತ್ತಿದ್ದ ಆ ದಪ್ಪ ಸಂಪುಟಗಳಿಂದ ನಾವು ಬೇಕಾದ ಅಂಕಿಗಳನ್ನು ಮಾತ್ರ ಹೆಕ್ಕಿಕೊಂಡು ಪುಸ್ತಕವನ್ನು ಬದಿಗಿಡುವೆವು. ಅಂಕಿಯೂ ಒಂದು ವಾಕ್ಯವೆಂಬುದನ್ನೂ, ಆ ವಾಕ್ಯವನ್ನು ಕೇಳಿದವನೊಬ್ಬನು, ಹೇಳಿದವನೊಬ್ಬನು, ಬರೆದವನೊಬ್ಬನು ಇದ್ದನೆಂಬುದನ್ನೂ ಮರೆಯುವೆವು. ಬ್ರಿಟಿಷರ ಆಳಿಕೆಯಲ್ಲಿ ನಮ್ಮ ಜಿಲ್ಲೆಯ ಕುಷ್ಠರೋಗಿಗಳನ್ನು ಎಣಿಸಿದ ಬಗೆಯನ್ನು ಒಂದು ಬರವಣಿಗೆಯೆಂದು ಭಾವಿಸಿ, ಅದರ ಗುಣದೋಷಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಈ ವಿಮರ್ಶೆಯ ಕೊನೆಯಲ್ಲಿ ದೋಷದ ಒಂದು ಪಾಲು ನಮ್ಮ ಮನೆಗಳ ಜಗಲಿಯವರೆಗೂ ಬಂದು ನಿಲ್ಲುವುದಾದರೆ ವಾಚಕರು ಮನ್ನಿಸಬೇಕು.

ಮೊದಲು ಸೀಮೆಯ ವಿಚಾರ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳು ಇಂದು ಉಡುಪಿ ಜಿಲ್ಲೆಯ ಮೂರು ತಾಲೂಕುಗಳು. ಆ ಕಾಲದಲ್ಲಿ ಬೈಂದೂರು ಕುಂದಾಪುರ ತಾಲೂಕಿಗೂ, ಬ್ರಹ್ಮಾವರವು ಉಡುಪಿ ತಾಲೂಕಿಗೂ ಸೇರಿದ್ದು, ಎರಡೂ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗಗಳಾಗಿದ್ದವು. ೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿ ಆಧಿಪತ್ಯಕ್ಕೆ ಹೋದ ಮೇಲೆ, ಶಿರೂರಿನ ಆಚೆಗಿರುವ ಭಟ್ಕಳವು ಬೇರೊಂದು ಸರಕಾರದ ನೆಲವಾಯಿತು. ಕಡಲು ಒಂದೇ, ಮಳೆ ಒಂದೇ, ಗದ್ದೆ ತೋಟಗಳ ಬಗೆಯೂ ಒಂದೇ. ಆದರೂ ಶಿರೂರಿನ ರೋಗಿಯು ಮದರಾಸಿನ ಸಂಪುಟದಲ್ಲಿಯೂ, ಕೆಲವೇ ಮೈಲಿಗಳಾಚೆಗಿನ ಭಟ್ಕಳದ ರೋಗಿಯು ಮುಂಬಯಿಯ ಸಂಪುಟದಲ್ಲಿಯೂ ಎಣಿಕೆಯಾದನು. ಅದಲ್ಲದೆ ಅಂಗವೈಕಲ್ಯಗಳ ಮುಖ್ಯ ಕೋಷ್ಠಕವು ಜಿಲ್ಲೆಯನ್ನೇ ಘಟಕವಾಗಿ ಇಟ್ಟುಕೊಂಡಿತ್ತು. ಆಗಿನ ದಕ್ಷಿಣ ಕನ್ನಡವು ಬಡಗಲಲ್ಲಿ ಶಿರೂರಿನಿಂದ ತೆಂಕಲಲ್ಲಿ ಕಾಸರಗೋಡು ತಾಲೂಕಿನ ಕೊನೆಯವರೆಗೆ ಹಬ್ಬಿದ್ದಿತು. ಗಂಗೊಳ್ಳಿಯ ಮೀನುಗಾರನ ನೋವೂ ನೀಲೇಶ್ವರದ ಒಕ್ಕಲಿನವನ ನೋವೂ ಒಂದೇ ಅಂಕಿಯಲ್ಲಿ ಕರಗಿಹೋದವು. ಊರಿನ ಹೆಸರಿಲ್ಲದ ಕತೆಯನ್ನು ಓದಿದಂತೆ ಆ ಕೋಷ್ಠಕವನ್ನು ನಾವು ಓದಬೇಕಾಗಿದೆ.

ಇನ್ನು ಗಣತಿಯ ನಮೂನೆ. ೧೯೦೧ನೆಯ ಇಸವಿಯ ಮಾರ್ಚಿ ೧ರ ರಾತ್ರಿಯೂ, ೧೯೧೧ರ ಮಾರ್ಚಿ ೧೦ರ ರಾತ್ರಿಯೂ ಪೂರ್ತಿಗೊಂಡ ಗಣತಿಗಳ ನಮೂನೆಯಲ್ಲಿ ಹದಿನಾರು ಅಂಕಣಗಳಿದ್ದವು. ಮನೆಯ ಸಂಖ್ಯೆ, ಹೆಸರು, ಮತ, ಗಂಡೋ ಹೆಣ್ಣೋ, ವಿವಾಹ, ವಯಸ್ಸು, ಜಾತಿ, ಕಸುಬು, ಹುಟ್ಟಿದ ಜಿಲ್ಲೆ, ಮನೆಮಾತು, ಓದುಬರಹ ಎಂಬಿವೆಲ್ಲ ಮುಗಿದ ಮೇಲೆ ಹದಿನೈದನೆಯ ಅಂಕಣದಲ್ಲಿ ಇಂಗ್ಲಿಷ್ ಭಾಷೆಯ ಜ್ಞಾನವುಂಟೇ ಎಂಬ ಪ್ರಶ್ನೆ. ಅದರ ಮಗ್ಗುಲಲ್ಲೇ, ಎಲ್ಲಕ್ಕೂ ಕಡೆಯದಾದ ಹದಿನಾರನೆಯ ಅಂಕಣದಲ್ಲಿ, ಎರಡು ಕಣ್ಣೂ ಕಾಣದವರು, ಹುಟ್ಟಿನಿಂದ ಕಿವುಡುಮೂಗರಾದವರು, ಬುದ್ಧಿಭ್ರಮಣೆಯಾದವರು, ಮೈಯನ್ನು ಕೊರೆದು ತಿನ್ನುವ ಕುಷ್ಠವುಳ್ಳವರು ಎಂಬ ನಾಲ್ಕು ಬಗೆಯ ದುರ್ದೈವಿಗಳಿಗೆ ಎಡೆ. ಮನೆಯ ಯಜಮಾನನು ಹೆಮ್ಮೆಯಿಂದ ಉತ್ತರಕೊಡುವ ಪ್ರಶ್ನೆಯ ಬೆನ್ನಿಗೇ ಅವನು ಬಾಯಿಬಿಡಲು ಅಂಜುವ ಪ್ರಶ್ನೆಯು ಬಂದಿತು. ಯಾವ ನಾಟಕಕಾರನೂ ಇದಕ್ಕಿಂತ ಕಠಿನವಾದ ಸನ್ನಿವೇಶವನ್ನು ಕಲ್ಪಿಸಲಾರನು. ನಮೂನೆಯನ್ನು ರಚಿಸಿದವರಿಗೆ ಅದು ಸನ್ನಿವೇಶವೆಂಬ ಅರಿವೇ ಇದ್ದಂತೆ ಕಾಣುವುದಿಲ್ಲ.

ಮೂರನೆಯದು ಶಬ್ದದ ತೊಡಕು. ಗಣತಿದಾರರಿಗೆ ಕೊಟ್ಟ ಸೂಚನೆಯಲ್ಲಿ, ಬರಿಯ ಬಿಳಿಯ ತೊನ್ನು ಇರುವವರನ್ನು ಈ ಅಂಕಣದಲ್ಲಿ ಬರೆಯಕೂಡದೆಂದು ವಿಧಿಸಿದ್ದರು. ವಿಧಿಯು ಸರಿಯಾದದ್ದೇ. ತೊನ್ನು ಬರಿಯ ಚರ್ಮದ ಬಣ್ಣಗೇಡು. ಅದು ಅಂಟುವುದೂ ಇಲ್ಲ, ಅಂಗವನ್ನು ಕೆಡಿಸುವುದೂ ಇಲ್ಲ. ಆದರೆ ನಮ್ಮ ಮಾತಿನಲ್ಲಿ ಈ ಗೆರೆಯು ಅಷ್ಟು ನೇರವಾಗಿ ಎಳೆಯಲ್ಪಟ್ಟಿರಲಿಲ್ಲ. ತೊನ್ನನ್ನು ಶ್ವೇತಕುಷ್ಠವೆಂದು ಕರೆಯುವ ರೂಢಿಯುಂಟು. ಚರಕನು ಕುಷ್ಠಗಳನ್ನು ಹದಿನೆಂಟಾಗಿ ವಿಂಗಡಿಸಿ, ಏಳನ್ನು ಮಹಾಕುಷ್ಠಗಳೆಂದೂ ಹನ್ನೊಂದನ್ನು ಕ್ಷುದ್ರಕುಷ್ಠಗಳೆಂದೂ ಹೇಳಿರುವನು. ಆ ಹನ್ನೊಂದರಲ್ಲಿ ಗಜಕರ್ಣ, ಕಜ್ಜಿಗಳಂಥ ಸಾಮಾನ್ಯ ಚರ್ಮರೋಗಗಳೂ ಸೇರಿರುವುವು. ಹೀಗೆ ಒಂದು ಕಡೆ ಕುಷ್ಠವೆಂಬ ಶಬ್ದದ ಹರವು ಬಲು ದೊಡ್ಡದು. ಇನ್ನೊಂದು ಕಡೆ ನಮೂನೆಯು ಕೇಳುತ್ತಿದ್ದ ಅರ್ಥವು ಬಲು ಕಿರಿದು. ನಿಜವಾದ ಕುಷ್ಠವು ಮೊದಲಲ್ಲಿ ಕಾಣಿಸಿಕೊಳ್ಳುವುದು ನೋವಿಲ್ಲದ, ತುರಿಕೆಯಿಲ್ಲದ, ತುಸು ಮಾಸಲು ಬಣ್ಣದ ಒಂದು ಮಚ್ಚೆಯಾಗಿ. ಅಲ್ಲಿ ಸ್ಪರ್ಶಜ್ಞಾನವು ಕುಂದಿರುವುದೇ ಅದರ ಗುರುತು. ತೊನ್ನಿನಲ್ಲಾದರೋ ಸ್ಪರ್ಶವು ಕೆಡುವುದಿಲ್ಲ. ಮುಟ್ಟಿ ನೋಡದೆ ಈ ಭೇದವು ತಿಳಿಯದು. ಗಣತಿದಾರನು ಮುಟ್ಟಿ ನೋಡುವವನಲ್ಲ, ಕೇಳಿ ಬರೆಯುವವನು. ಆದುದರಿಂದ ಬೆರಳು ಮೊಂಡಾಗಿ ಮುಖವು ವಿಕಾರಗೊಂಡ ಬಳಿಕವೇ ರೋಗಿಯು ಅಂಕಣಕ್ಕೆ ಅರ್ಹನಾಗುತ್ತಿದ್ದನು. ಮದ್ದು ಹಿಡಿಯಬಹುದಾಗಿದ್ದ ಆರಂಭದ ದಿನಗಳಲ್ಲಿ ಅವನು ಲೆಕ್ಕಕ್ಕೆ ಆರೋಗ್ಯವಂತನೇ.

ಹಾಗಾದರೆ ಆ ಗಣತಿದಾರನು ಯಾರು? ಪರಸ್ಥಳದ ಅಧಿಕಾರಿಯಲ್ಲ. ಮದರಾಸು ಆಧಿಪತ್ಯದಲ್ಲಿ ಈ ಕೆಲಸವು ಹೆಚ್ಚಾಗಿ ಗ್ರಾಮಾಧಿಕಾರಿಗಳ ಮೇಲೂ ಶಾಲೆಯ ಉಪಾಧ್ಯಾಯರ ಮೇಲೂ ಬೀಳುತ್ತಿತ್ತು. ನಮ್ಮಲ್ಲಿ ಅವನು ಶಾನುಭೋಗನೋ, ಪಟೇಲನೋ, ಐಗಳೋ ಆಗಿದ್ದನೆಂದರೆ ಸಾಕು. ನಮ್ಮ ಸೀಮೆಯಲ್ಲಿ ಮನೆಗಳು ಘಟ್ಟದ ಮೇಲಿನ ಊರುಗಳಂತೆ ಒತ್ತಾಗಿಲ್ಲ. ಒಂದೊಂದು ಮನೆಯೂ ತನ್ನ ಗದ್ದೆಯ ಅಂಚಿನಲ್ಲಿ, ತನ್ನ ತೋಟದ ನಡುವೆ, ಒಂಟಿಯಾಗಿ ನಿಂತಿರುವುದು. ಅವನು ಅಂಗಳಕ್ಕೆ ಬಂದು, ಜಗಲಿಯಲ್ಲಿ ಕುಳಿತು, ಬೆಲ್ಲ ನೀರು ಕುಡಿದು, ಕಾಗದ ಬಿಚ್ಚಿ ಕೇಳಿದನು. ಊರಿನವನಾದುದರಿಂದ ಅವನಿಗೆ ಎಲ್ಲವೂ ಗೊತ್ತಿತ್ತು. ಊರಿನವನಾದುದರಿಂದಲೇ ಅವನ ಎದುರಿನಲ್ಲಿ ಹೇಳುವಂತಿರಲಿಲ್ಲ. ನಾಳೆ ಹುಡುಗಿಯ ಜಾತಕವನ್ನು ಕೇಳಲು ಬರುವವರು ಮೊದಲು ವಿಚಾರಿಸುವುದು ಅವನನ್ನೇ. ಅವನಾದರೂ ದಾಕ್ಷಿಣ್ಯದಿಂದ ಆ ಅಂಕಣವನ್ನು ಖಾಲಿ ಬಿಟ್ಟಿದ್ದರೆ, ಅದನ್ನು ಸುಳ್ಳೆನ್ನುವುದಕ್ಕಿಂತ ನೆರೆಕರೆಯ ಮರ್ಯಾದೆಯೆನ್ನುವುದೇ ಸರಿ. ಇಂಥ ಸಾವಿರ ಮರ್ಯಾದೆಗಳು ಕೂಡಿ ಒಂದು ಜಿಲ್ಲೆಯ ಅಂಕಿಯಾಯಿತು.

ಈ ಅಂಜಿಕೆಯ ಬೇರು ಎಲ್ಲಿದೆಯೆಂಬುದನ್ನು ನಮ್ಮ ಸಾಹಿತ್ಯವೇ ಹೇಳುವುದು. ಕನ್ನಡದ ಪ್ರಾಚೀನ ಗದ್ಯವಾದ ವಡ್ಡಾರಾಧನೆಯ ಮೊದಲ ಕಥೆಯಲ್ಲಿ ವಾಯುಭೂತಿಯೆಂಬವನು ಉಪಕಾರಿಯಾದ ಮುನಿಯನ್ನು ಧಿಕ್ಕರಿಸಿ, ಆ ಪಾಪದ ಫಲವಾಗಿ ಕುಷ್ಠ ಹತ್ತಿ ಸತ್ತು, ಹೀನ ಜನ್ಮಗಳನ್ನು ತಾಳುವನು. ಕೃಷ್ಣನ ಮಗನಾದ ಸಾಂಬನಿಗೆ ಶಾಪದಿಂದ ಕುಷ್ಠವಾಯಿತೆಂದು ಪುರಾಣಗಳು ಹೇಳುವುವು. ಕಥೆಗಾರನಿಗೆ ರೋಗವು ಬೇಕಾದುದು ಪಾಪಕ್ಕೊಂದು ಕಣ್ಣಿಗೆ ಕಾಣುವ ರೂಪವನ್ನು ಕೊಡುವುದಕ್ಕಾಗಿ. ಕಥೆಯ ಮಟ್ಟಿಗೆ ಅದು ಸಾರ್ಥಕವಾದ ಉಪಾಯವೇ. ಆದರೆ ಕಥೆಯು ಗ್ರಂಥದಲ್ಲಿ ಉಳಿಯದೆ ಮನೆಗೆ ಬಂದಾಗ ಅದು ತೀರ್ಪಾಗುವುದು. ನಮ್ಮ ಕರಾವಳಿಯಲ್ಲಿ ಈ ತೀರ್ಪಿಗೆ ಇನ್ನೊಂದು ಬಲವೂ ದೊರೆಯಿತು. ಮನೆಮನೆಗೂ ನಾಗಬನವಿರುವ ಈ ಸೀಮೆಯಲ್ಲಿ ಕುಷ್ಠವೂ ಬಂಜೆತನವೂ ಸರ್ಪಹತ್ಯೆಯ ದೋಷದಿಂದ ಬರುವುವೆಂಬ ನಂಬಿಕೆಯು ಬೇರೂರಿದ್ದಿತು. ಅದರ ಪರಿಹಾರಕ್ಕಾಗಿ ಸರ್ಪಸಂಸ್ಕಾರವನ್ನು ಮಾಡಿಸುವುದೂ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹರಕೆ ಹೊರುವುದೂ ವಾಡಿಕೆಯಾಗಿತ್ತು. ಹೀಗಿರಲು, ಹದಿನಾರನೆಯ ಅಂಕಣದಲ್ಲಿ ಒಂದು ಹೆಸರನ್ನು ಬರೆಯಿಸುವುದೆಂದರೆ ರೋಗವನ್ನು ತಿಳಿಸಿದಂತಲ್ಲ, ವಂಶದ ದೋಷವನ್ನು ಸರಕಾರದ ಕಾಗದದಲ್ಲಿ ಒಪ್ಪಿಕೊಂಡಂತೆ. ಪ್ರಶ್ನೆಯು ವೈದ್ಯಶಾಸ್ತ್ರದ ಭಾಷೆಯಲ್ಲಿದ್ದಿತು. ಅದು ಕಿವಿಗೆ ಬಿದ್ದುದು ಪುರಾಣದ ಭಾಷೆಯಲ್ಲಿ.

ಸ್ತ್ರೀಯರ ಸಂಖ್ಯೆಯು ಇದಕ್ಕೆ ಸಾಕ್ಷಿ. ಭಾರತದ ಗಣತಿಗಳಲ್ಲಿ ಕುಷ್ಠರೋಗಿಗಳಾದ ಪುರುಷರ ಸಂಖ್ಯೆಯು ಸ್ತ್ರೀಯರ ಸಂಖ್ಯೆಗಿಂತ ಎರಡು ಮೂರು ಪಟ್ಟು ಹೆಚ್ಚಾಗಿ ಕಾಣುತ್ತಿತ್ತು. ಈ ರೋಗವು ಗಂಡಸರಲ್ಲಿ ತುಸು ಹೆಚ್ಚೆಂಬುದು ನಿಜವಾದ ಸಂಗತಿಯೇ. ಆದುದರಿಂದ ವ್ಯತ್ಯಾಸವೆಲ್ಲವೂ ಮುಚ್ಚುಮರೆಯಿಂದಲೇ ಆಯಿತೆನ್ನಲಾಗದು. ಆದರೆ ಎಲ್ಲವೂ ಪ್ರಕೃತಿಯದೇ ಎನ್ನುವುದೂ ಸಲ್ಲದು. ಗಂಡಸು ಸಂತೆಗೆ ಹೋಗುವನು, ದೋಣಿಗೆ ಹೋಗುವನು; ಅವನ ಕೈಬೆರಳುಗಳನ್ನು ಹತ್ತು ಜನ ನೋಡಿರುವರು. ಹೆಂಗಸು ಒಳಗಿರುವಳು. ಜಗಲಿಯಲ್ಲಿ ಕುಳಿತ ಯಜಮಾನನ ಬಾಯಿಂದ ಬಂದದ್ದೇ ಅವಳ ವಿಚಾರದ ಉತ್ತರ. ಅಳಿಯಸಂತಾನದ ಮನೆಯಲ್ಲಿ ಸಂತಾನವು ಹೆಣ್ಣಿನ ಕಡೆಯಿಂದಲೇ ನಡೆಯುವುದರಿಂದ ಅವಳ ಮೇಲಿನ ಕಳಂಕವೆಂದರೆ ಕುಟುಂಬದ ಬುಡದ ಮೇಲಿನ ಕಳಂಕ. ಬೇರೆ ಮನೆಗಳಲ್ಲಿ ಅವಳು ಗಂಡನ ಮನೆಯಿಂದ ಮರಳಿ ಬಂದು ತೌರಿನ ಹಿತ್ತಿಲ ಕೋಣೆಯನ್ನು ಸೇರುವವಳು. ಎರಡರಲ್ಲಿಯೂ ಮೌನವೇ ಉತ್ತರ.

ಈಗ ಇಡೀ ದೇಶದ ಅಂಕಿಗಳನ್ನು ಒಮ್ಮೆ ನೋಡೋಣ. ೧೮೯೧ರ ಗಣತಿಯಲ್ಲಿ ಭಾರತದ ಕುಷ್ಠರೋಗಿಗಳು ಸುಮಾರು ೧,೨೬,೦೦೦. ೧೯೦೧ರಲ್ಲಿ ಸುಮಾರು ೯೭,೦೦೦. ೧೯೧೧ರಲ್ಲಿ ಸುಮಾರು ೧,೦೯,೦೦೦. ೧೯೨೧ರಲ್ಲಿ ಸುಮಾರು ೧,೦೨,೫೦೦. ೧೯೩೧ರಲ್ಲಿ ಸುಮಾರು ೧,೪೮,೦೦೦. ಮೊದಲ ಇಳಿತಕ್ಕೆ ಆ ದಶಕದ ಕ್ಷಾಮಗಳು ಒಂದು ಕಾರಣವಿರಬಹುದು; ಹಸಿವು ಮೊದಲು ತೆಗೆದುಕೊಂಡುಹೋಗುವುದು ದುರ್ಬಲರನ್ನೇ. ಆದರೆ ಕಡೆಯ ಏರಿಕೆಯನ್ನು ಏನೆನ್ನೋಣ? ನಿಧಾನವಾಗಿ ಹಬ್ಬುವ, ಮೈಯಲ್ಲಿ ಸೇರಿದ ಮೇಲೆ ಹೊರಗೆ ಕಾಣಲು ವರ್ಷಗಳೇ ಹಿಡಿಯುವ ಈ ರೋಗವು ಹತ್ತೇ ವರ್ಷಗಳಲ್ಲಿ ಅರ್ಧದಷ್ಟು ಬೆಳೆಯಿತೆಂದು ನಂಬುವುದು ಕಷ್ಟ. ಆ ಹತ್ತು ವರ್ಷಗಳಲ್ಲಿ ಬೇರೇನೋ ನಡೆದಿರಬೇಕು. ಅದನ್ನು ತಿಳಿಯಲು ನಾವು ತುಸು ಹಿಂದಕ್ಕೆ ಹೋಗಬೇಕು.

ಹವಾಯಿ ದ್ವೀಪಗಳಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತ ತಾನೂ ಆ ರೋಗಕ್ಕೆ ತುತ್ತಾದ ಫಾದರ್ ಡೇಮಿಯನ್ನರು ೧೮೮೯ರಲ್ಲಿ ತೀರಿಕೊಂಡಾಗ ಇಂಗ್ಲೆಂಡಿನಲ್ಲಿ ದೊಡ್ಡ ಕಳವಳವೆದ್ದಿತು. ಅದರ ಫಲವಾಗಿ ಐವರ ಒಂದು ಆಯೋಗವು ೧೮೯೦-೯೧ರಲ್ಲಿ ಭಾರತವನ್ನು ಸುತ್ತಿ, ತನ್ನ ವರದಿಯನ್ನು ೧೮೯೩ರಲ್ಲಿ ಪ್ರಕಟಿಸಿತು. ಈ ವರದಿಯ ಗುಣವನ್ನು ಮೊದಲು ಹೇಳಬೇಕು: ಕುಷ್ಠವು ವಂಶಪಾರಂಪರ್ಯವಾಗಿ ಬರುವ ರೋಗವಲ್ಲವೆಂದು ಅದು ಸ್ಪಷ್ಟವಾಗಿ ನಿರ್ಣಯಿಸಿತು. ನಮ್ಮ ಮನೆಗಳಿಗೆ ಇದಕ್ಕಿಂತ ಅಮೂಲ್ಯವಾದ ವಾಕ್ಯವು ಬೇರೊಂದಿಲ್ಲ. ಆದರೆ ಆ ವಾಕ್ಯವು ಇಂಗ್ಲಿಷಿನಲ್ಲಿ ಹುಟ್ಟಿ ಅಧಿಕಾರಿಗಳ ಕಪಾಟಿನಲ್ಲಿ ಉಳಿಯಿತು. ಜಾತಕ ನೋಡುವವರ ಕಿವಿಗೆ ಬೀಳಲಿಲ್ಲ. ಅದೇ ೧೮೯೦ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರರು ಕುಷ್ಠರೋಗಿಗಳಿಗಾಗಿ ಆಸ್ಪತ್ರೆಯೊಂದನ್ನು ತೆರೆದರು. ಬೈಂದೂರಿನಿಂದ ಅಲ್ಲಿಗೆ ಹೋಗುವುದೆಂದರೆ ಹೊಳೆಗಳ ಕಡವುಗಳನ್ನು ಒಂದೊಂದಾಗಿ ದಾಟಿ ದಿನಗಟ್ಟಲೆ ನಡೆಯುವುದು. ಹೀಗೆ ಹೋಗಿ ಸೇರಿದವನು ಗಣತಿಯ ರಾತ್ರಿ ಅಲ್ಲಿದ್ದುದರಿಂದ ಅಲ್ಲಿಯವನಾಗಿಯೇ ಲೆಕ್ಕಕ್ಕೆ ಬಂದನು. ಆಶ್ರಯವಿದ್ದಲ್ಲಿ ರೋಗವು ಹೆಚ್ಚಾಗಿಯೂ, ಆಶ್ರಯವಿಲ್ಲದಲ್ಲಿ ಕಡಿಮೆಯಾಗಿಯೂ ತೋರುವ ವಿಪರ್ಯಾಸವು ಇದರಿಂದ ಉಂಟಾಯಿತು.

ಅಂಕಿಯ ಬೆನ್ನಿಗೆ ಕಾನೂನು ಬಂದಿತು. ೧೮೯೮ರ ಕುಷ್ಠರೋಗಿಗಳ ಕಾಯಿದೆಯು, ಅದನ್ನು ಜಾರಿಗೊಳಿಸಿದ ಕಡೆಗಳಲ್ಲಿ, ಬೀದಿಯಲ್ಲಿ ಭಿಕ್ಷೆ ಬೇಡುವ ಅಥವಾ ಜೀವನೋಪಾಯವಿಲ್ಲದ ಕುಷ್ಠರೋಗಿಯನ್ನು ವಾರಂಟಿಲ್ಲದೆ ಹಿಡಿದು ಆಶ್ರಮಕ್ಕೆ ಕಳುಹಿಸುವ ಅಧಿಕಾರವನ್ನು ಕೊಟ್ಟಿತು. ಸ್ವಂತ ಮನೆಯೂ ಅನ್ನವೂ ಇದ್ದವನನ್ನು ಹಾಗೆ ಹಿಡಿಯುವಂತಿರಲಿಲ್ಲ. ಅಂದರೆ ಕಾನೂನಿನ ಕಣ್ಣಿಗೂ ಕಂಡದ್ದು ರೋಗವಲ್ಲ, ಬಡತನ. ಕೊಲ್ಲೂರಿನ ದಾರಿಯಲ್ಲಿ ಕೈಚಾಚಿದವನು ಕುಷ್ಠರೋಗಿ. ಒಳಕೋಣೆಯಲ್ಲಿ ಕುಳಿತವನು ಮನೆಯ ಹಿರಿಯ. ಗಣತಿಯೂ ಕಾನೂನೂ ಕೂಡಿ ರಚಿಸಿದ ಈ ಚಿತ್ರವೇ ಬಹುಕಾಲ ನಮ್ಮ ವಿದ್ಯಾವಂತರ ಮನಸ್ಸಿನಲ್ಲಿಯೂ ನಿಂತಿತು. ಕುಷ್ಠವು ತಿರುಕರ ರೋಗವೆಂದು ನಾವು ತಿಳಿದೆವು. ನಮಗೆ ಅಂಕಿಯ ಆಧಾರವೂ ಇದ್ದಿತು.

ಇಪ್ಪತ್ತನೆಯ ಶತಮಾನದ ಎರಡನೆಯ ಮೂರನೆಯ ದಶಕಗಳಲ್ಲಿ ಕಲ್ಕತ್ತೆಯಿಂದ ಬೇರೊಂದು ಗಾಳಿ ಬೀಸಿತು. ಸರ್ ಲಿಯೊನಾರ್ಡ್ ರೋಜರ್ಸ್, ಡಾಕ್ಟರ್ ಅರ್ನೆಸ್ಟ್ ಮ್ಯೂರ್ ಮೊದಲಾದವರು ಚಾಲಮೂಗ್ರದ ಜಾತಿಯ ಎಣ್ಣೆಗಳನ್ನು ಸೂಜಿಮದ್ದಾಗಿ ಕೊಡುವ ಚಿಕಿತ್ಸೆಯನ್ನು ಬಳಕೆಗೆ ತಂದರು. ಇಲ್ಲಿ ನಮ್ಮ ಸೀಮೆಯವರು ತಿಳಿಯತಕ್ಕ ಒಂದು ಸ್ವಾರಸ್ಯವುಂಟು. ಸುಶ್ರುತನು ಕುಷ್ಠಕ್ಕೆ ತುವರಕವೆಂಬ ಮರದ ಬೀಜದೆಣ್ಣೆಯನ್ನು ವಿಧಿಸಿ, ಆ ಮರಗಳು ಪಶ್ಚಿಮ ಸಮುದ್ರದ ತೀರಪ್ರದೇಶಗಳಲ್ಲಿ ಬೆಳೆಯುವುವೆಂದು ಹೇಳಿರುವನು. ಆ ತುವರಕವೇ ನಮ್ಮ ಘಟ್ಟದ ಬುಡದ ಕಾಡುಗಳಲ್ಲಿ ಬೆಳೆಯುವ ಗರುಡಫಲವೆಂದು ಗುರುತಿಸಲಾಗಿದೆ. ಕಲ್ಕತ್ತೆಯ ಸೂಜಿಮದ್ದಿಗೂ ಇದರ ಎಣ್ಣೆಯು ಒದಗಿತು. ದೋಷದ ಪರಿಹಾರಕ್ಕಾಗಿ ದೂರದ ಕ್ಷೇತ್ರಗಳಿಗೆ ಹರಕೆ ಹೊತ್ತ ಜನರು ಮದ್ದಿನ ಮರದ ನೆರಳಲ್ಲೇ ನಡೆದುಹೋಗಿದ್ದರು. ಆ ಎಣ್ಣೆಯು ಪೂರ್ಣವಾದ ಮದ್ದಲ್ಲವೆಂಬುದು ಆಮೇಲೆ ತಿಳಿಯಿತು. ಆದರೆ ಮದ್ದುಂಟೆಂಬ ಮಾತನ್ನು ಜನರು ಕೇಳಿದುದು ಅದರಿಂದಲೇ.

ಬ್ರಿಟಿಷ್ ಸಾಮ್ರಾಜ್ಯದ ಕುಷ್ಠನಿವಾರಣ ಸಂಘದ ಭಾರತೀಯ ಶಾಖೆಯು ೧೯೨೫ರಲ್ಲಿ ಆರಂಭವಾಯಿತು. ಮ್ಯೂರರ ಯೋಜನೆಗೆ ಪ್ರಚಾರ, ಚಿಕಿತ್ಸೆ, ಸಮೀಕ್ಷೆ ಎಂದು ಹೆಸರು. ಡಾಕ್ಟರ್ ಐಸಾಕ್ ಸಂತ್ರ ಮೊದಲಾದ ಭಾರತೀಯ ವೈದ್ಯರು ತಂಡ ಕಟ್ಟಿಕೊಂಡು ಊರೂರಿಗೆ ಹೋಗಿ, ರೋಗದ ವಿಚಾರವನ್ನು ತಿಳಿಯಹೇಳಿ, ಚಿಕಿತ್ಸಾಲಯಗಳನ್ನು ತೆರೆಯಿಸಿ, ಮೈಮುಟ್ಟಿ ಪರೀಕ್ಷಿಸಿ ಎಣಿಸಿದರು. ಹಾಗೆ ಎಣಿಸಿದಲ್ಲೆಲ್ಲ ಜನಗಣತಿಯ ಅಂಕಿಗಿಂತ ಹಲವು ಪಟ್ಟು ರೋಗಿಗಳು ದೊರೆತರು. ವಿಮರ್ಶಕನಾದವನು ಆ ಹೆಸರಿನ ಪದಕ್ರಮವನ್ನು ಗಮನಿಸಬೇಕು. ಸಮೀಕ್ಷೆಯು ಮೂರನೆಯದು. ಮೊದಲು ಮಾತು, ಆಮೇಲೆ ಮದ್ದು, ಕಡೆಗೆ ಲೆಕ್ಕ. ಜನಗಣತಿಯು ಏನನ್ನೂ ಕೊಡದೆ ಕೇಳಿತು. ಇವರು ಕೊಟ್ಟು ಕೇಳಿದರು. ೧೯೩೧ರ ಏರಿಕೆಯ ಅರ್ಥವು ಇಲ್ಲಿ ತಿಳಿಯುವುದು: ಏರಿದ್ದು ರೋಗಕ್ಕಿಂತ ಹೆಚ್ಚಾಗಿ ನಂಬಿಕೆ. ಯುರೋಪಿನ ಅನುಭವವೂ ಇದನ್ನೇ ಹೇಳುವುದು. ನಮ್ಮಂತೆಯೇ ಕಡಲಕರೆಯ ಬೆಸ್ತರೂ ರೈತರೂ ಇರುವ ನಾರ್ವೆಯಲ್ಲಿ ೧೮೫೬ರಿಂದ ಜಿಲ್ಲೆಯ ವೈದ್ಯರೇ ಒಬ್ಬೊಬ್ಬ ರೋಗಿಯನ್ನು ಹೆಸರು ಹಿಡಿದು ದಾಖಲುಮಾಡಿದರು. ೧೮೭೩ರಲ್ಲಿ ಹ್ಯಾನ್ಸನ್ನನು ಬರ್ಗೆನ್ ನಗರದಲ್ಲಿ ಈ ರೋಗದ ಸೂಕ್ಷ್ಮಾಣುವನ್ನು ಕಂಡುದು ಅಂಥ ಶ್ರದ್ಧೆಯ ನೆಲದಲ್ಲಿಯೇ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಆ ಹಳೆಯ ಗಣತಿಯು ವ್ಯರ್ಥವೆಂದು ನನ್ನ ಅಭಿಪ್ರಾಯವಲ್ಲ. ಹತ್ತು ವರ್ಷಗಳಿಗೊಮ್ಮೆಯಾದರೂ ಇವರನ್ನು ಕುರಿತು ಪ್ರಶ್ನೆಯೊಂದು ಪ್ರತಿ ಮನೆಯ ಬಾಗಿಲಿಗೆ ಬಂದಿತಲ್ಲ, ಅದೂ ಒಂದು ಸ್ಮರಣೆಯೇ. ಅದಕ್ಕೆ ಮೊದಲು ಯಾವ ರಾಜನ ಶಾನುಭೋಗನೂ ಇವರನ್ನು ಎಣಿಸಿರಲಿಲ್ಲ. ೧೯೪೧ರ ಗಣತಿಯಲ್ಲಿ ಆ ಪ್ರಶ್ನೆಯನ್ನೇ ಕೈಬಿಟ್ಟರು. ಅಂಕಿಯು ನಂಬತಕ್ಕುದಲ್ಲವೆಂಬುದು ಎಲ್ಲರಿಗೂ ತಿಳಿದುಹೋಗಿತ್ತು. ನಾನು ಹೇಳುವುದಿಷ್ಟೇ: ಆ ಅಂಕಿಯನ್ನು ರೋಗದ ಅಳತೆಯೆಂದು ಓದಬಾರದು. ಮರೆಮಾಡಲು ಒಳಕೋಣೆಯಿಲ್ಲದವರ ಅಳತೆಯೆಂದು ಓದಬೇಕು. ಹಾಗೆ ಓದಿದರೆ ಅದು ಸುಳ್ಳಲ್ಲ. ಬಹಳ ನಿಜವಾದ, ಬಹಳ ನೋವಿನ ಬರವಣಿಗೆ.

ಈಗ ಕಾಲವು ಬದಲಾಗಿದೆ. ೧೯೪೦ರ ದಶಕದಲ್ಲಿ ಡ್ಯಾಪ್ಸೋನ್ ಬಂದಿತು. ೧೯೮೦ರ ದಶಕದಿಂದ ಹಲವು ಮದ್ದುಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯು ಬಳಕೆಗೆ ಬಂದು, ಆರು ತಿಂಗಳಲ್ಲೋ ಒಂದು ವರ್ಷದಲ್ಲೋ ರೋಗವು ಪೂರ್ಣವಾಗಿ ವಾಸಿಯಾಗುವಂತಾಯಿತು. ಮದ್ದು ಉಚಿತ. ಮದ್ದನ್ನು ತೊಡಗಿದ ಸ್ವಲ್ಪ ಕಾಲದಲ್ಲೇ ರೋಗಿಯಿಂದ ಇತರರಿಗೆ ಹರಡುವ ಭಯವೂ ಇಲ್ಲ. ೧೮೯೮ರ ಕಾಯಿದೆಯು ೨೦೧೬ರಲ್ಲಿ ರದ್ದಾಯಿತು. ವಿವಾಹವಿಚ್ಛೇದಕ್ಕೆ ಕುಷ್ಠವು ಕಾರಣವಾಗತಕ್ಕುದಲ್ಲವೆಂದು ೨೦೧೯ರಲ್ಲಿ ಶಾಸನವಾಯಿತು. ೨೦೦೫ರ ಡಿಸೆಂಬರಿನಲ್ಲಿ ದೇಶವು ಕುಷ್ಠನಿವಾರಣೆಯ ಗುರಿಯನ್ನು ಮುಟ್ಟಿತೆಂಬ ಘೋಷಣೆಯೂ ಆಯಿತು. ಆದರೆ ಈ ‘ನಿವಾರಣೆ’ಯೂ ಒಂದು ಶಬ್ದವೇ, ಅದನ್ನೂ ಎಚ್ಚರದಿಂದ ಓದಬೇಕು. ಹತ್ತು ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ ರೋಗಿಗಳೆಂದು ಅದರ ಅರ್ಥ, ಯಾರೂ ಇಲ್ಲವೆಂದಲ್ಲ. ೨೦೨೨-೨೩ರಲ್ಲಿಯೂ ದೇಶದಲ್ಲಿ ಒಂದು ಲಕ್ಷಕ್ಕೆ ಮೀರಿದ ಹೊಸ ರೋಗಿಗಳು ಗುರುತಿಸಲ್ಪಟ್ಟರು.

ಆದುದರಿಂದ ಆ ಪ್ರಶ್ನೆಯು ಇನ್ನೂ ಮುಗಿದಿಲ್ಲ. ಈಗ ಅದನ್ನು ಕೇಳುವವಳು ಆಶಾ ಕಾರ್ಯಕರ್ತೆ. ಅವಳೂ ಶಾನುಭೋಗನಂತೆ ಊರಿನವಳೇ. ಅವಳು ಅಂಗಳಕ್ಕೆ ಬಂದು, ಮನೆಯಲ್ಲಿ ಯಾರಿಗಾದರೂ ಸ್ಪರ್ಶ ತಿಳಿಯದ ಮಚ್ಚೆಯುಂಟೇ ಎಂದು ವಿಚಾರಿಸುವಳು. ಬೇಲಿಯಾಚೆಯ ಗುಡಿಸಲಿನವರು ನಿಜವನ್ನು ಹೇಳುವರು. ಓದುಬರಹ ಬಲ್ಲ ಮನೆಗಳಲ್ಲಿ, ನಮ್ಮಲ್ಲಿ ಹಾಗೇನಿಲ್ಲಮ್ಮ ಎಂಬ ಉತ್ತರವು ಪ್ರಶ್ನೆಯು ಮುಗಿಯುವ ಮೊದಲೇ ಬರುವುದುಂಟು. ಹದಿನೈದನೆಯ ಅಂಕಣದಲ್ಲಿ ನಮ್ಮ ಹಿರಿಯರು ಬರೆಯಿಸಿದ ಉತ್ತರವನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಹದಿನಾರನೆಯದರಲ್ಲಿ ಅವರು ಬರೆಯಿಸದೆ ಬಿಟ್ಟುದನ್ನು ತುಂಬುವ ಹೊಣೆಯೂ ನಮ್ಮದೇ. ಹಿತ್ತಿಲ ಕೋಣೆಯ ಬಾಗಿಲನ್ನು ತೆರೆದು, ಹೌದು, ಇಲ್ಲೊಬ್ಬರಿದ್ದಾರೆ, ಬಂದು ನೋಡಿ ಎಂದು ಯಾವ ಮನೆಯು ಅಂಜದೆ ಹೇಳುವುದೋ ಆ ಮನೆಯಿಂದಲೇ ಈ ಸೀಮೆಯ ನಿಜವಾದ ಗಣತಿಯು ಆರಂಭವಾಗುವುದು.